ನಾಳೆಯ ಪಾಠ

ಚಾಕ್‌ಪೀಸ್ ಮತ್ತೆ ಪಂಪಾವತಿಯ ಬೆರಳುಗಳಿಂದ ಜಾರಿ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಮುಂದೆ ಕೂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಅದನ್ನು ಬಗ್ಗಿ ಎತ್ತಿಕೊಳ್ಳುವ ಬದಲು ಅವಳು ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದಳು. ಬಗ್ಗಿದರೆ ಮತ್ತೆ ನೆಟ್ಟಗಾಗಲು ಗೋಡೆ ಹಿಡಿಯಬೇಕಾಗುತ್ತಿತ್ತು. ಅದು ಮಕ್ಕಳ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

"ಹುಲಗಮ್ಮ, ನೀ ಓದು ನೋಡೋಣು," ಎಂದಳು. ಕೆಮ್ಮಿ ಕೆಮ್ಮಿ ಗಂಟಲು ಒಡೆದಿತ್ತು. ಮಾತು ಹಿಂದೆ ಕೂತವರಿಗೆ ತಲುಪುತ್ತಿರಲಿಲ್ಲ.

ಎರಡನೇ ತರಗತಿಯ ಹುಲಗಮ್ಮ ಎದ್ದು ನಿಂತು ಬೋರ್ಡನ್ನು ನೋಡಿದಳು, ಆಮೇಲೆ ಟೀಚರ ಬಾಯನ್ನು ನೋಡಿದಳು. ಮೊದಲ ಅಕ್ಷರ ಅಲ್ಲಿಂದಾದರೂ ಬಂದೀತು ಎನ್ನುವ ಹಾಗೆ. 'ಅಕ್ಕ ರೊಟ್ಟಿ ಕೊಟ್ಟಳು.' ದಸರೆಗೆ ಮೊದಲು ಇದೇ ಹುಡುಗಿ ಈ ಸಾಲನ್ನು ತಡೆಯಿಲ್ಲದೆ ಓದಿ, ಯಾರೂ ತಟ್ಟದಿದ್ದರೂ ತಾನೇ ಚಪ್ಪಾಳೆ ತಟ್ಟಿಕೊಂಡಿದ್ದಳು.

"ಟೀಚರ್ರಿ, ಮರ್ತೀನ್ರಿ," ಎಂದಳು ಹುಲಗಮ್ಮ. ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ. ಚಪ್ಪಲಿಯನ್ನು ಎಲ್ಲೋ ಬಿಟ್ಟು ಬಂದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿ ಕೂತುಬಿಟ್ಟಳು.

ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿದ್ದ ಆ ಊರಿನ ಶಾಲೆಗೆ, ಊರವರ ಬಾಯಲ್ಲಿ 'ಸಾಲಿ'ಗೆ, ಇದ್ದವರು ಇಬ್ಬರೇ ಶಿಕ್ಷಕರು. ನಾಲ್ಕು, ಐದನೇ ತರಗತಿಗಳನ್ನು ಮುಖ್ಯೋಪಾಧ್ಯಾಯ ಮಾಜೀದ ನೋಡಿಕೊಳ್ಳುತ್ತಿದ್ದ. ಒಂದರಿಂದ ಮೂರರವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತು ಕಲಿಯುವ 'ನಲಿ-ಕಲಿ' ವರ್ಗ ಪಂಪಾವತಿಯದು. ಮಕ್ಕಳ ಕೈಗೆ ಎಟುಕುವಂತೆ ಗೋಡೆಯ ಬುಡದಲ್ಲೇ ಸುತ್ತಲೂ ಕಪ್ಪು ಬಣ್ಣ ಬಳಿದಿತ್ತು. ಟೀಚರಾದವಳು ಆ ಗುಂಪಿನಿಂದ ಈ ಗುಂಪಿಗೆ ಸರಿಯುತ್ತ, ನೆಲದ ಮೇಲೆ ಕೂರುತ್ತ ಏಳುತ್ತ ಕಲಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ದಿನಕ್ಕೆ ಎಷ್ಟು ಸಲ ಕೂತೆದ್ದಳೆಂಬುದು ಅವಳಿಗೇ ತಿಳಿಯುತ್ತಿರಲಿಲ್ಲ.

ಕಾಯಿಲೆ ಕಾಣಿಸಿಕೊಂಡು ಕೆಲವು ವರ್ಷಗಳಾಗಿದ್ದವು. ಮೊದಮೊದಲು ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿರಲಿಲ್ಲ. ಆಮೇಲೆ ಮೊಣಕೈ, ಪಾದ, ಮೊಣಕಾಲು. ಕೀಲುವಾತ ಎಂದರು ಹುಬ್ಬಳ್ಳಿಯ ಡಾಕ್ಟರು. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಅದನ್ನು ತಗ್ಗಿಸಲು ಗುಳಿಗೆ ಕೊಡುತ್ತೇನೆ, ಆದರೆ ಬೇರೆ ರೋಗಗಳಿಗೂ ಬಾಗಿಲು ತೆರೆದ ಹಾಗಾಗುತ್ತದೆ, ಜೋಪಾನ ಎಂದಿದ್ದರು. ಶನಿವಾರ ಊಟವಾದ ಮೇಲೆ ಆ ಗುಳಿಗೆ ನುಂಗಿದರೆ ಭಾನುವಾರವೆಲ್ಲ ಹೊಟ್ಟೆ ತೊಳಸುತ್ತ ಮಲಗಿರಬೇಕು. ಸೋಮವಾರ ಸಾಲಿಗೆ ಬಂದರೆ ಅಲ್ಲಿ ಮೂಗು ಸೋರಿಸುವ ಮಕ್ಕಳು. ಅವರಲ್ಲಿ ಎರಡು ದಿನ ಇದ್ದು ಹೋಗುವ ನೆಗಡಿ ಅವಳ ಎದೆಗಿಳಿದು ವಾರಗಟ್ಟಲೆ ಮನೆಮಾಡುತ್ತಿತ್ತು. ಈ ಸಲ ದಸರೆ ರಜೆ ಮುಗಿಯುತ್ತಲೇ ಹಾಗಾಗಿ, ದೀಪಾವಳಿಯನ್ನೂ ಹಾಸಿಗೆಯಲ್ಲೇ ಕಳೆದು ಈಗ ಬಂದಿದ್ದಳು.

ಊರಲ್ಲಿ ಯಾರಾದರೂ ಕೇಳಿದರೆ "ಜ್ವರ ಬಂದಿತ್ರಿ" ಎಂದಷ್ಟೇ ಹೇಳುತ್ತಿದ್ದಳು. ರೋಗಿಷ್ಟ ಟೀಚರು ಎಂದು ಹೆಸರು ಬಿದ್ದರೆ ಅದು ಹೋಗುವುದಿಲ್ಲ ಎಂಬ ಭಯ ಅವಳಿಗೆ.

ಅವತ್ತು ಮಧ್ಯಾಹ್ನ ಹುಲಗಮ್ಮನ ತಾಯಿ ಶಿವಲಿಂಗಮ್ಮ ಸಾಲಿಗೆ ಬಂದಳು. ಕುರಿ ಸಾಕಿದ ಮನೆತನದ, ಗಟ್ಟಿ ಮೈಯ ಹೆಂಗಸು. ಸಾಲಿಯ ಸಮಿತಿಗೆ ಈ ವರ್ಷ ಅವಳೇ ಅಧ್ಯಕ್ಷೆ. ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅಕ್ಕೋರ, ನಾ ಜಗಳಾಡಾಕ ಬಂದಿಲ್ರಿ. ಮಂದಿ ಮಾತಾಡಾಕತ್ತಾರ. ವರ್ಸದಾಗ ಅರ್ಧ ದಿನ ಟೀಚರ್ ಇರಂಗಿಲ್ಲ, ಬ್ಯಾರೆಯವ್ರನ್ನ ಕೊಡ್ರಿ ಅಂತ ಕುಷ್ಟಗಿ ಶಿಕ್ಷಣ ಇಲಾಖಿ ಆಫೀಸಿಗೆ ಹೋಗಿ ಕೇಳೋಣು ಅಂತಾರ. ಹಿಂದ ಹೇಳೂದಕ್ಕಿಂತ ಮುಂದ ಹೇಳೂದು ಛಲೋ ಅಂತ ಬಂದೆ."

"ನನಗ ಆರಾಮ ಇರಲಿಲ್ರಿ ಶಿವಲಿಂಗಮ್ಮ," ಎಂದಳು ಪಂಪಾವತಿ.

"ಹೌದ್ರಿ, ಆರಾಮಿಲ್ಲದ್ದು ಯಾರ ಕೈಯಾಗೈತಿ? ಆದ್ರ ಒಂದು ಮಾತು ಕೇಳ್ರಿ. ನಾನೂ ಮೂರನೇತ್ತಾ ಮಟ ಇದ ಸಾಲ್ಯಾಗ ಕಲ್ತಾಕಿನ. ಆಮ್ಯಾಲ ಕುರಿ ಹಿಂದ ಕಳಿಸಿದ್ರು. ಈಗ ನನ್ನ ಹೆಸರು ಬಿಟ್ರ ಒಂದು ಅಕ್ಷರ ತಿಳಿಯಂಗಿಲ್ಲ. ಬಸ್ಸಿನ ಬೋರ್ಡ್ ಓದಾಕ ಮಂದೀನ ಕೇಳ್ತೀನಿ. ಓದೂದು ಹೆಂಗ ಮರ್ತು ಹೋಗತೈತಿ ನಾ ಬಲ್ಲೆ. ನನ್ನ ಮಗಳ ಮಾರಿಮ್ಯಾಲ ಈಗ ಅದ ಕಾಣಾಕತ್ತೈತಿ."

ಅಷ್ಟು ಹೇಳಿ ಸೆರಗು ಸರಿಪಡಿಸಿಕೊಂಡು ಹೋದಳು. ಪಂಪಾವತಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಸಾಲಿ ಬಿಟ್ಟ ಮೇಲೆ ಮಾಜೀದ ಅವಳನ್ನು ಕರೆದ. ನಲವತ್ತರ ಆಸುಪಾಸಿನ ಮೆದು ಮಾತಿನವನು. ಹೇಳಲು ಕಷ್ಟವಾದ ಮಾತಿದ್ದರೆ ಮೊದಲು ಮೇಜಿನ ಮೇಲಿನ ವಸ್ತುಗಳನ್ನು ಸರಿಯಾಗಿ ಜೋಡಿಸುವುದು ಅವನ ರೂಢಿ. ಈಗಲೂ ಸ್ಟ್ಯಾಪ್ಲರ್, ಗಂಟೆ ಬಾರಿಸುವ ಕಬ್ಬಿಣದ ತುಂಡು, ನೀರಿನ ಬಾಟಲಿ ಎಲ್ಲ ಒಂದು ಸಾಲಿಗೆ ಬಂದವು.

"ಮೇಡಂ, ಕುಷ್ಟಗಿ ಆಫೀಸಿನ್ಯಾಗ ಒಂದು ಜಾಗಾ ಖಾಲಿ ಐತಂತ್ರಿ. ಡೆಪ್ಯುಟೇಶನ್ ಮ್ಯಾಲ ಟೀಚರನ್ನ ತಗೋತಾರ. ಕುಂತು ಮಾಡೂ ಕೆಲಸ. ನಿಮ್ಮ ಮನಿಯಿಂದ ನಡಕೊಂಡು ಹೋಗಬಹುದು. ಇಲ್ಲಿಗೆ ಅತಿಥಿ ಶಿಕ್ಷಕರನ್ನ ಕೊಡ್ತಾರ. ನೀವು ಹೂಂ ಅಂದ್ರ ನಾ ಮಾತಾಡ್ತೀನಿ."

"ಶಿವಲಿಂಗಮ್ಮ ಹೇಳಿದ್ಲೇನ್ರಿ?"

"ಇಲ್ರಿ. ನಾನ ವಿಚಾರ ಮಾಡೀನಿ. ನಿಮ್ಮ ಸಲುವಾಗಿ," ಎಂದು ಬಾಟಲಿಯನ್ನು ಮತ್ತೊಮ್ಮೆ ಸರಿಸಿದ.

ಮನೆಗೆ ಬಂದಾಗ ಅವಳ ಗಂಡ ಅಂದಪ್ಪ ಕಿರಾಣಿ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದು, ಒಲೆಯ ಮೇಲೆ ನೀರು ಕಾಯಿಸಿಟ್ಟಿದ್ದ. ಅವಳು ಬಕೆಟ್ಟಿನ ಬಿಸಿನೀರಲ್ಲಿ ಪಾದ ಇಳಿಬಿಟ್ಟು ಕೂತು ಸುದ್ದಿ ಹೇಳಿದಳು. ಅವನ ಮುಖ ಅರಳಿತು.

"ಇನ್ನೇನ ವಿಚಾರ ಮಾಡ್ತಿ ಪಂಪಾ? ಹೂಂ ಅಂದುಬಿಡು. ದಿನಾ ಸಂಜಿಗೆ ನೀ ಬಸ್ಸಿಳಿದು ಬರೂದು ನನ್ನ ಕೈಲೆ ನೋಡಾಕ ಆಗವಲ್ದು. ಒಂದೊಂದು ದಿನ ಚಪ್ಪಲಿ ಕೈಯಾಗ ಹಿಡಕೊಂಡು ಬರ್ತಿ."

"ಹೂಂ ಅನ್ನಬೇಕಂತನ ಅನ್ನಿಸೇತ್ರಿ," ಎಂದಳು. ಸುಳ್ಳಲ್ಲ. ಫ್ಯಾನಿನ ಕೆಳಗೆ ಒಂದು ಕುರ್ಚಿ, ಮುಂದೊಂದು ಮೇಜು, ಮೂಗು ಸೋರಿಸುವವರು ಯಾರೂ ಇಲ್ಲ. ಅದನ್ನು ನೆನೆದರೇ ಭುಜದ ಬಿಗಿ ಸಡಿಲವಾದಂತಿತ್ತು.

"ಮತ್ತ?"

"ಆ ಹುಡುಗಿ ಮರ್ತೀನ್ರಿ ಅಂದ್ಲು. ನನ್ನ ಮುಂದ ನಿಂತು ಅಂದ್ಲು. ಹಂಗ ಬಿಟ್ಟು ಹೆಂಗ ಹೋಗ್ಲಿ?"

ಅಂದಪ್ಪ ಬಕೆಟ್ಟಿಗೆ ಇನ್ನೊಂದು ತಂಬಿಗೆ ಬಿಸಿನೀರು ಸುರಿದ. ಹದಿನೆಂಟು ವರ್ಷ ಜೊತೆಗೆ ಬಾಳಿದವನಿಗೆ ಯಾವ ಮಾತಿಗೆ ಎದುರಾಡಬಾರದೆಂದು ತಿಳಿದಿತ್ತು.

ಮರುದಿನ ಎದ್ದಾಗ ಮೈ ಬೆಚ್ಚಗಿತ್ತು. ಜ್ವರದ ಗುಳಿಗೆ ನುಂಗಿ ಬಸ್ಸು ಹತ್ತಿದಳು. ಹೊಲಗಳಲ್ಲಿ ತೊಗರಿ ಹಳದಿ ಹೂವಿಟ್ಟಿತ್ತು, ಗಾಳಿ ಕೊರೆಯುತ್ತಿತ್ತು. ಇವತ್ತು ಹುಲಗಮ್ಮನಿಗೆ ಒತ್ತಕ್ಷರ ಕಲಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೋದವಳು, ವರ್ಗಕ್ಕೆ ಕಾಲಿಟ್ಟವಳೇ ಮೊದಲಿನ ಹಾಗೆ ನೆಲದ ಮೇಲೆ ಕೂತುಬಿಟ್ಟಳು. ಎಷ್ಟೋ ತಿಂಗಳ ಮೇಲೆ ಹಾಗೆ ಕೂತಿದ್ದು. ಮಕ್ಕಳು ಸುತ್ತ ಮುತ್ತಿಕೊಂಡರು. ಹುಲಗಮ್ಮನ ಕೈಹಿಡಿದು ಗೋಡೆಯ ಮೇಲೆ ಬರೆಸಿದಳು. ಅಪ್ಪ, ಅವ್ವ, ಅಜ್ಜ, ಹತ್ತಿ, ಬುತ್ತಿ. ಹುಡುಗಿ ಒಂದೊಂದನ್ನೇ ಬಿಡಿಸಿ ಓದತೊಡಗಿದಳು. ಪಂಪಾವತಿಗೆ ಜ್ವರ ಮರೆತಿತ್ತು, ಹೊತ್ತು ಮರೆತಿತ್ತು.

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಹೊರಗೆ ಓಡಿದರು. ಅವಳು ಏಳಲು ಹೋದಳು. ಆಗಲಿಲ್ಲ.

ಒಂದು ಕೈಯೂರಿದಳು. ಮಣಿಕಟ್ಟು ಚುಳ್ಳೆಂದು ಭಾರ ತಡೆಯದೆ ಹೋಯಿತು. ಮೊಣಕಾಲಿನ ಮೇಲೆ ತಿರುಗಲು ನೋಡಿದಳು. ಕಣ್ಣಿಗೆ ಕತ್ತಲೆ ಬಂತು. ಹೊರಗೆ ತಟ್ಟೆಗಳ ಸದ್ದು, ಮಕ್ಕಳ ಕೂಗಾಟ. ಮಾಜೀದನನ್ನು ಕರೆಯೋಣವೆಂದರೆ ಗಂಟಲಿಲ್ಲ, ಕರೆಯಲು ಮನಸ್ಸೂ ಇಲ್ಲ. ಖಾಲಿ ಕೋಣೆಯ ನೆಲದ ಮೇಲೆ, ತಾನೇ ಬರೆಸಿದ ಅಕ್ಷರಗಳ ಮುಂದೆ, ಮಗುವಿನಂತೆ ಕಾಲು ಚಾಚಿ ಕೂತಿದ್ದಳು. ಕಣ್ಣೀರು ಬಂದದ್ದು ನೋವಿಗಲ್ಲ.

ಬಿಸಿಯೂಟದ ರುಚಿ ನೋಡುವ ಸರದಿ ಅವತ್ತು ಶಿವಲಿಂಗಮ್ಮನದಾಗಿತ್ತು. ಟೀಚರು ಕಾಣಲಿಲ್ಲವೆಂದು ಒಳಗೆ ಇಣುಕಿದಳು.

"ಯಾಕ್ರಿ ಅಕ್ಕೋರ, ನೆಲದ ಮ್ಯಾಲ ಕುಂತೀರಿ?"

"ಏಳಾಕ ಆಗವಲ್ದು ಶಿವಲಿಂಗಮ್ಮ."

ಶಿವಲಿಂಗಮ್ಮ ಬಂದು ಹಿಂದೆ ನಿಂತು, ಕಂಕುಳಲ್ಲಿ ಕೈಹಾಕಿ ಒಂದೇ ಹಿಡಿತಕ್ಕೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ನೀರು ತಂದುಕೊಟ್ಟಳು. ಲೋಟ ಹಿಡಿಯಲು ಪಂಪಾವತಿ ಎರಡೂ ಕೈ ಮುಂದೆ ಮಾಡಿದಾಗ ಅವಳ ಬೆರಳ ಗಿಣ್ಣುಗಳ ಬಾವು ಶಿವಲಿಂಗಮ್ಮನ ಕಣ್ಣಿಗೆ ಬಿತ್ತು.

"ಇದು ಜ್ವರ ಅಲ್ರಿ. ಏನಾಗೈತಿ, ಖರೇ ಹೇಳ್ರಿ."

ಪಂಪಾವತಿ ಹೇಳಿದಳು. ಬೆಳಗಿನ ಬೆರಳುಗಳ ಬಗ್ಗೆ, ಶನಿವಾರದ ಗುಳಿಗೆಯ ಬಗ್ಗೆ, ಎದೆಗಿಳಿಯುವ ನೆಗಡಿಯ ಬಗ್ಗೆ. ಇದು ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ ಎಂದಳು. ಪೂರ್ತಿ ವಾಸಿಯಾಗುವುದೂ ಅಲ್ಲ ಎಂದಳು. ಗಂಡನ ಹೊರತು ಇನ್ನೊಬ್ಬರಿಗೆ ಇಷ್ಟು ಬಿಡಿಸಿ ಹೇಳಿದ್ದು ಅದೇ ಮೊದಲು. ಶಿವಲಿಂಗಮ್ಮ ನಿಂತೇ ಕೇಳಿದಳು.

"ಕೇಳಿದ್ರ ಸಂಕಟ ಆಗತೈತ್ರಿ ನನಗ," ಎಂದಳು ಕೊನೆಗೆ. "ಆದ್ರ ನನ್ನ ಮಗಳು ಓದೂದು ಮರ್ತಾಳ. ಅದಕ್ಕೇನ ಮಾಡ್ತೀರಿ?"

ಆ ಪ್ರಶ್ನೆಯಲ್ಲಿ ಕನಿಕರವಿರಲಿಲ್ಲ. ಪಂಪಾವತಿಗೆ ಅದೇ ಹಿತವೆನ್ನಿಸಿತು. ರೋಗಿಯನ್ನು ಕೇಳಿದ ಪ್ರಶ್ನೆಯಲ್ಲ ಅದು, ಟೀಚರನ್ನು ಕೇಳಿದ್ದು.

"ಬ್ಯಾಸಗಿ ಸೂಟಿ ತನಕ ಟೈಮ್ ಕೊಡ್ರಿ," ಎಂದಳು. "ಅಷ್ಟರೊಳಗ ನನ್ನ ವರ್ಗದ ಮಕ್ಕಳು ಓದಲಿಲ್ಲಂದ್ರ, ಆಫೀಸಿಗೆ ಹೋಗೂ ಮುಂದ ನನ್ನನ್ನೂ ಕರೀರಿ. ನಾನೂ ಬರ್ತೀನಿ, ಬ್ಯಾರೆಯವ್ರನ್ನ ಕೊಡ್ರಿ ಅಂತ ಕೇಳಾಕ."

ಶಿವಲಿಂಗಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. "ಆತ್ರಿ. ಮೊದ್ಲ ಊಟ ಮಾಡ್ರಿ. ಸಾಂಬಾರಿನ್ಯಾಗ ಉಪ್ಪು ಜರಾ ಹೆಚ್ಚಾಗೈತಿ," ಎಂದು ಹೊರಗೆ ನಡೆದಳು.

ಸಂಜೆ ಪಂಪಾವತಿ ಮಾಜೀದನ ಮೇಜಿನ ಎದುರು ಕೂತಳು.

"ಸರ್, ಆ ಡೆಪ್ಯುಟೇಶನ್ ನನಗ ಬ್ಯಾಡ್ರಿ."

ಮಾಜೀದನ ಕೈ ಸ್ಟ್ಯಾಪ್ಲರಿನ ಕಡೆ ಹೋಗಿ ಅರ್ಧಕ್ಕೇ ನಿಂತಿತು. "ಹಂಗಾದ್ರ ನಾನೂ ಒಂದು ಮಾತು ಹೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದ. "ನಿಮ್ಮ ಸಲುವಾಗಿ ಅಂತ ನಿನ್ನೆ ಅಂದೆ. ಪೂರಾ ಖರೇ ಅಲ್ಲ. ನನಗೂ ಭಾಳ ಆಗೈತ್ರಿ ಮೇಡಂ. ಮುಂಜಾನೆ ಪ್ರಾರ್ಥನಾ ಮಾಡಿಸ್ತಾ ಗೇಟಿನ ಕಡೆನ ನೋಡ್ತಿರ್ತೀನಿ. ನೀವು ಬಂದ್ರ ದಿನಾ ಒಂದು ನಮೂನಿ, ಬರಲಿಲ್ಲಂದ್ರ ಇನ್ನೊಂದು ನಮೂನಿ. ಬರಲಿಲ್ಲಂದ್ರ ಐದೂ ವರ್ಗ ನನ್ನ ಕೊರಳಿಗೆ. ಅದರ ಮ್ಯಾಲ ಮಕ್ಕಳಿಗೆ ಹಾಲು, ತತ್ತಿ ಹಂಚೂದು, ಮೊಬೈಲಿನ್ಯಾಗ ತುಂಬಾಕ ಹತ್ತು ನಮೂನಿ ಮಾಹಿತಿ. ಮನಿಗೆ ಹೋದ್ರ ನನ್ನ ಮಕ್ಕಳ ಜೋಡಿ ಮಾತಾಡಾಕ ದನಿ ಇರಂಗಿಲ್ಲ."

ಪಂಪಾವತಿ ಇದನ್ನು ಯೋಚಿಸಿಯೇ ಇರಲಿಲ್ಲ. ತಾನು ಬಾರದ ದಿನಗಳಲ್ಲಿ ಸಾಲಿ ಹೇಗೋ ನಡೆಯುತ್ತದೆ ಎಂದುಕೊಂಡಿದ್ದಳೇ ಹೊರತು, ಆ 'ಹೇಗೋ' ಎಂಬುದು ಈ ಮನುಷ್ಯ ಎಂದು ಹೊಳೆದಿರಲಿಲ್ಲ.

"ಬಸ್ ಸ್ಟ್ಯಾಂಡಿಗೆ ಬರೂ ತನಕ ನನಗೂ ಗೊತ್ತಿರಂಗಿಲ್ರಿ ಸರ್. ಆಗತೈತಿ, ಆಗತೈತಿ ಅಂತ ಹೊಂಟಿರ್ತೀನಿ. ಆಗಲಿಲ್ಲಂದ್ರ ಅಲ್ಲಿಂದ ಫೋನ್ ಮಾಡ್ತಿದ್ದೆ."

"ಮೊದ್ಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನ್ರಿ?"

"ಹೇಳಿದ್ರ ಸೋತ್ಹಂಗ ಅಂತ ತಿಳ್ಕೊಂಡಿದ್ದೆ."

ಹೊರಗೆ ಬಯಲಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ಪಂಪಾವತಿ ಕಾಯಿಲೆಯ ಸಂಗತಿಯನ್ನು ಅವನಿಗೂ ಬಿಡಿಸಿ ಹೇಳಿ, ಮಧ್ಯಾಹ್ನವೆಲ್ಲ ತಲೆಯಲ್ಲಿ ತಿರುವಿ ಹಾಕಿದ್ದನ್ನು ಹೇಳತೊಡಗಿದಳು. ಬೆಳಿಗ್ಗೆ ಬೆರಳು ಬಿಗಿದಿರುವಾಗ ತಾನು ದೊಡ್ಡ ಮಕ್ಕಳಿಗೆ ಕನ್ನಡ, ಪರಿಸರ ಪಾಠ ಹೇಳುವುದು. ಅದಕ್ಕೆ ಬಾಯಿ ಸಾಕು. ಅದೇ ಹೊತ್ತಲ್ಲಿ ಮಾಜೀದ ಸಣ್ಣವರಿಗೆ ಬರೆಸುವುದು, ಲೆಕ್ಕ ಮಾಡಿಸುವುದು. ಮಧ್ಯಾಹ್ನ ಕೈ ಸಡಿಲವಾದ ಮೇಲೆ ಸಣ್ಣವರು ತನ್ನವರು. ಸ್ಟೋರ್ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಬೆಂಚುಗಳನ್ನು ಹೊರತೆಗೆಸಿ, ಓದಿಸುವಾಗ ಒಂದೊಂದು ಗುಂಪನ್ನು ಮೇಲೆ ತನ್ನ ಮೇಜಿನ ಸುತ್ತ ಕೂರಿಸಿಕೊಳ್ಳುವುದು. ಜ್ವರದ ಸೂಚನೆ ಇದ್ದರೆ ಹಿಂದಿನ ಸಂಜೆಯೇ ತಿಳಿಸುವುದು. ಮತ್ತೆ, ಹೋಗುವ ಮುಂಚೆ ಪ್ರತಿದಿನ ಗೋಡೆಯ ಬುಡದ ಬೋರ್ಡಿನ ಮೇಲೆ ನಾಳೆಯ ಪಾಠವನ್ನು ಬರೆದಿಟ್ಟು ಹೋಗುವುದು.

"ನಾ ಬರಲಿಲ್ಲಂದ್ರೂ ಪಾಠ ಬಂದಿರತೈತಿ. ಮೂರನೇತ್ತದವ್ರು ಎರಡನೇತ್ತದವ್ರಿಗೆ ಓದಿಸ್ತಾರ. ನೀವು ಬಾಗಿಲದಾಗ ನಿಂತು ಒಂದು ಕಣ್ಣಿಟ್ರ ಸಾಕು."

"ಅದನ್ನ ಬಗ್ಗಿ ಹೆಂಗ ಬರೀತೀರಿ?"

"ಸಣ್ಣ ಸ್ಟೂಲ್ ಮ್ಯಾಲ ಕುಂತು. ಮನಿಯಿಂದ ತರ್ತೀನಿ."

ಮಾಜೀದ ಮೊದಲ ಸಲ ನಕ್ಕ. "ಪರಿಸರ ಪಾಠ ನನಗೂ ತಲಿನೋವು ಆಗಿತ್ರಿ. ತಗೋರಿ, ನಿಮಗ ಇರ್ಲಿ."

ಒಂದೇ ವಾರದಲ್ಲಿ ಎಲ್ಲ ಸರಿಹೋಯಿತೆಂದಲ್ಲ. ಬೆಂಚಿನ ಮೇಲೆ ಕೂತ ಒಂದನೇ ತರಗತಿಯ ಮಕ್ಕಳು ಕಾಲು ತೂಗಾಡಿಸುತ್ತ ಒಬ್ಬರನ್ನೊಬ್ಬರು ಕೆಡವಿದರು. ಐದನೇ ತರಗತಿಯ ಹುಡುಗರು ಒಡೆದ ದನಿಯ ಟೀಚರನ್ನು ಹಗುರವಾಗಿ ಎಣಿಸಿ ಹಿಂದೆ ಕೂತು ಗುಸುಗುಸು ಆಡಿದರು. ಅವಳು ಬೈಯಲು ಹೋಗದೆ ದನಿಯನ್ನು ಇನ್ನಷ್ಟು ತಗ್ಗಿಸಿ, ತನಗೆ ಚಿಕ್ಕಂದಿನಲ್ಲಿ ಚೇಳು ಕಡಿದ ಕಥೆ ಹೇಳತೊಡಗಿದಳು. ಕೇಳಿಸದವರು ತಾವಾಗಿ ಮುಂದೆ ಸರಿದು ಬಂದರು. ಅಂದಪ್ಪ ಮಾತ್ರ ಬಹಳ ದಿನ ಮುನಿಸಿಕೊಂಡಿದ್ದ. ಆದರೆ ಸ್ಟೂಲಿನ ಕಾಲು ಅಲ್ಲಾಡುತ್ತದೆಂದು ಅವಳು ಹೇಳಿದಾಗ, ಮೊಳೆ ಹೊಡೆದು ಗಟ್ಟಿ ಮಾಡಿಕೊಟ್ಟವನು ಅವನೇ.

ಸಂಕ್ರಾಂತಿಯ ಹಿಂದಿನ ಚಳಿಯಲ್ಲಿ ಮತ್ತೆ ಎದೆಗೆ ಕಫ ಕಟ್ಟಿತು. ಸಂಜೆ ಮೈ ನಡುಗಲು ಶುರುವಾದಾಗಲೇ ಅವಳು ಫೋನು ತೆಗೆದುಕೊಂಡಳು. "ಸರ್, ನಾಳೆ ಬರಂಗಿಲ್ಲ. ಈ ವಾರ ಆಗಂಗಿಲ್ಲ ಅನ್ನಿಸತೈತಿ." "ಆತ್ರಿ ಮೇಡಂ, ಮಲಕೋರಿ," ಎಂದ ಮಾಜೀದ. ಬರೆದಿಟ್ಟ ಪಾಠ ಮುಗಿದ ಮೇಲೆ ಅವಳು ಹಾಸಿಗೆಯಿಂದಲೇ ಫೋನಿನಲ್ಲಿ ಮುಂದಿನದನ್ನು ಹೇಳಿದಳು, ಅವನು ಬೋರ್ಡಿಗೆ ಹಾಕಿದ. ಆ ವಾರ ಅವಳು ನಿಜವಾಗಿ ಮಲಗಿದಳು. ಬೆಳಿಗ್ಗೆ ಎದ್ದು ಹೊರಡಲಾದೀತೇ, ಆಗದೇ ಎಂದು ಮೈಯೊಂದಿಗೆ ಜಗಳಾಡದೆ ಮಲಗಿದ್ದಕ್ಕೋ ಏನೋ, ಈ ಸಲದ ಕೆಮ್ಮು ದೀಪಾವಳಿಯ ಹೊತ್ತಿನಷ್ಟು ಕಾಡಲಿಲ್ಲ.

ಮರಳಿ ಬಂದ ದಿನ ಗೇಟಿನ ಹತ್ತಿರ ಶಿವಲಿಂಗಮ್ಮ ಸಿಕ್ಕಳು. ಕಂಕುಳಲ್ಲಿ ಮೇವಿನ ಕಟ್ಟು.

"ಈಗ ಹೆಂಗದೀರಿ ಅಕ್ಕೋರ?"

"ಅಡ್ಡಿಯಿಲ್ರಿ. ಹುಲಗಮ್ಮ ಏನಂತಾಳ?"

"ನಿನ್ನೆ ಸಂತ್ಯಾಗ ಬಸ್ಸಿನ ಬೋರ್ಡ್ ಓದಿದ್ಲು. ಯಲಬುರ್ಗಾ ಅಂತ. ಆ ರ್ಗಾ ಅನ್ನೂದರ ಕಡೆ ಭಾಳ ಹೊತ್ತು ನಿಂತ್ಲು, ಬಸ್ಸು ಹೋಗತೈತಿ ಬಾರಬೇ ಅಂದ್ರೂ ಬಿಡಲಿಲ್ಲ." ಶಿವಲಿಂಗಮ್ಮ ನಗುವನ್ನು ತಡೆದುಕೊಂಡಳು. ಆಮೇಲೆ ಕಟ್ಟನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿ, "ಆದ್ರ ಲೆಕ್ಕದಾಗ ಹಿಂದದಾಳ ನೋಡ್ರಿ. ಕಳಿಯೂ ಲೆಕ್ಕ ಬರಂಗಿಲ್ಲ," ಎಂದಳು.

"ಮಾಜೀದ ಸರ್‌ಗೆ ಹೇಳ್ತೀನಿ. ನಾನೂ ನೋಡ್ತೀನಿ."

"ನೋಡ್ರಿ ಮತ್ತ," ಎಂದು ಶಿವಲಿಂಗಮ್ಮ ಹೊರಟಳು.

ಅವತ್ತು ಸಂಜೆ ಪಾಠ ಬರೆದಿಟ್ಟು ಬಸ್ಸು ಹತ್ತಿದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಯಲಬುರ್ಗಾ ಕಾಲೇಜಿನಿಂದ ಮರಳುತ್ತಿದ್ದ ಹುಡುಗರು, ಸಂತೆ ಚೀಲಗಳು, ಒಂದು ಬುಟ್ಟಿ ದಾಳಿಂಬೆ. ಪಂಪಾವತಿ ಕಂಬಿ ಹಿಡಿದು ಒಂದು ಕ್ಷಣ ನಿಂತಳು. ಪಕ್ಕದ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಯುವಕನ ಭುಜ ಮುಟ್ಟಿದಳು.

"ತಮ್ಮಾ, ಜರಾ ಏಳಪ್ಪಾ. ನನಗ ನಿಂದ್ರಾಕ ಆಗಂಗಿಲ್ಲ."

ಅವನು ಗಡಬಡಿಸಿ ಎದ್ದ. ಅವಳು ಕೂತು, ಚೀಲವನ್ನು ತೊಡೆಯ ಮೇಲಿಟ್ಟು ಕಿಟಕಿಯ ಗಾಜು ಸರಿಸಿದಳು. ಊರ ಹೊರಗಿನ ತಿರುವಿನಲ್ಲಿ ಬಸ್ಸು ನಿಂತಿತು. ರಸ್ತೆಯ ತುಂಬ ಕುರಿಗಳು ದಾಟುತ್ತಿದ್ದವು. ಡ್ರೈವರ್ ಹಾರ್ನ್ ಹೊಡೆಯದೆ ಎಂಜಿನ್ ಆರಿಸಿ ಕೂತ. ಕೆಂಪು ಧೂಳು ಬಿಸಿಲಲ್ಲಿ ಮೇಲೆದ್ದು ಮೆಲ್ಲಗೆ ಇಳಿಯುತ್ತಿತ್ತು, ಕುರಿಗಳು ಒಂದರ ಹಿಂದೆ ಒಂದು ಕಟಾವಾದ ಹೊಲದೊಳಗೆ ಇಳಿದು ಹೋಗುತ್ತಿದ್ದವು.